ಗ್ರಾಹಕ ಹೋದ ಮೇಲೂ ಕರಗದ ಫೈಲು

ಡೇಟಾಬೇಸಿನಿಂದ ಲಕ್ಷಗಟ್ಟಲೆ ಸಾಲು ಅಳಿಸಿ ಡಿಸ್ಕ್ ನೋಡಿದರೆ, ಫೈಲು ಮೊದಲಿನಷ್ಟೇ ದಪ್ಪ ಕೂತಿರುತ್ತದೆ. ಕೆಟ್ಟಿದ್ದೇನೂ ಇಲ್ಲ, ಅದು ಹಾಗೆಯೇ ಕಟ್ಟಿದ ವ್ಯವಸ್ಥೆ.

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶ ಪ್ರತಿ ಟೇಬಲನ್ನೂ 8 ಕೆಬಿ ಪುಟಗಳಾಗಿ ಬರೆದಿಡುತ್ತದೆ. ಫೈಲು 1 ಜಿಬಿ ಮುಟ್ಟಿದರೆ ಅದೇ ಹೆಸರಿಗೆ .1, .2 ಅಂಟಿಸಿಕೊಂಡು ಮುಂದಿನ ಫೈಲು ಶುರು. ಡಿಲೀಟ್ ಮಾಡಿದ ಸಾಲು ಪುಟದಲ್ಲೇ ಉಳಿಯುತ್ತದೆ. ಅಳಿಸಿದ ಗುರುತು ಬೀಳುತ್ತದೆ ಅಷ್ಟೆ. ಆಮೇಲೆ ಬರುವ ವ್ಯಾಕ್ಯೂಮ್ ಎಂಬ ಸ್ವಚ್ಛತೆಯ ಕೆಲಸ ಆ ಜಾಗವನ್ನು ಅದೇ ಟೇಬಲಿನ ಹೊಸ ಸಾಲುಗಳಿಗೆ ತೆರವು ಮಾಡುತ್ತದೆ. ಡಿಸ್ಕಿಗೆ ಮರಳುವುದು ಫೈಲಿನ ತುದಿಯಲ್ಲಿ ಪೂರ್ತಿ ಖಾಲಿಯಾದ ಪುಟಗಳು ಮಾತ್ರ. ವ್ಯಾಕ್ಯೂಮ್ ಫುಲ್ ಇಡೀ ಟೇಬಲನ್ನು ಹೊಸ ಫೈಲಿಗೆ ಬರೆಯುತ್ತದೆ, ಆದರೆ ಮುಗಿಯುವ ತನಕ ಆ ಟೇಬಲನ್ನು ಯಾರೂ ಓದುವಂತಿಲ್ಲ, ಹಳೆಯ ಹೊಸ ಪ್ರತಿಗಳೆರಡಕ್ಕೂ ಜಾಗ ಬೇಕು. ಡಿಸ್ಕ್ ತುಂಬಿದ ಮೇಲೆ ನೆನಪಾದರೆ ಉಪಯೋಗವಿಲ್ಲ.

ಹಲವು ಗ್ರಾಹಕರ ಡೇಟಾ ಒಂದೇ ಕಡೆ ಇಡುವವರಿಗೆ ಈ ಸಂಗತಿ ಬಿಸಿ ಮುಟ್ಟಿಸುವುದು ಒಬ್ಬ ಗ್ರಾಹಕ ಬಿಟ್ಟುಹೋದಾಗ. ಎಲ್ಲರ ಸಾಲುಗಳೂ ಒಂದೇ ಟೇಬಲಿನಲ್ಲಿದ್ದು 'ಗ್ರಾಹಕ ಐಡಿ' ಎಂಬ ಕಾಲಮ್ ಮಾತ್ರ ಅವರನ್ನು ಬೇರ್ಪಡಿಸುತ್ತಿದ್ದರೆ, ಹೋದವನ ಜಾಗ ಸಾವಿರಾರು ಪುಟಗಳಲ್ಲಿ ಚೂರುಚೂರಾಗಿ ಹರಡಿರುತ್ತದೆ. ದೊಡ್ಡ ಗ್ರಾಹಕರು ನಾಲ್ಕೈದೇ ಇದ್ದರೆ ಅವರಿಗೆ ಪ್ರತ್ಯೇಕ ಪಾರ್ಟಿಷನ್ (ಅದೇ ಟೇಬಲಿನ, ಆದರೆ ಬೇರೆ ಫೈಲಿನಲ್ಲಿರುವ ಭಾಗ) ಕೊಡುವುದು ಮೇಲು: ಪಾರ್ಟಿಷನ್ ಡ್ರಾಪ್ ಮಾಡಿದರೆ ಅದರ ಫೈಲೇ ಹೋಗುತ್ತದೆ. ಎಲ್ಲರಿಗೂ ಕೊಡಹೊರಟು ಪಾರ್ಟಿಷನ್ ಸಾವಿರಾರು ಆದರೆ ಪ್ರತಿ ಕ್ವೆರಿಯನ್ನು ಹೇಗೆ ನಡೆಸಬೇಕೆಂದು ಡೇಟಾಬೇಸ್ ಹಾಕುವ ಯೋಜನೆಯೇ ನಿಧಾನವಾಗಬಹುದು.

ಒಂದೇ ಟೇಬಲಿನ ಇನ್ನೊಂದು ಅಪಾಯ ಸೋರಿಕೆ. ಯಾರಿಗೆ ಯಾವ ಸಾಲು ಕಾಣಬೇಕೆಂದು ನೋಡುವ ಸಾಲು ಮಟ್ಟದ ಕಾವಲನ್ನು ಪೋಸ್ಟ್‌ಗ್ರೆಸ್ಸೇ ಕೊಡುತ್ತದೆ, ಆದರೆ ಟೇಬಲಿನ ಮಾಲೀಕ ಖಾತೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಆ್ಯಪ್ ಅದೇ ಖಾತೆಯಿಂದ ಲಾಗಿನ್ ಆದರೆ ಕಾವಲುಗಾರ ಮಲಗಿದ್ದಂತೆ. ಕನೆಕ್ಷನ್ ಪೂಲ್ (ತೆರೆದಿಟ್ಟ ಕೆಲವೇ ಕನೆಕ್ಷನ್‌ಗಳನ್ನು ಎಲ್ಲ ಕೋರಿಕೆಗಳೂ ಸರದಿಯಲ್ಲಿ ಬಳಸುವ ಏರ್ಪಾಡು) ಇದ್ದಲ್ಲಿ ಇನ್ನೂ ನಾಜೂಕು. ಗ್ರಾಹಕ 41ರ ಕೋರಿಕೆಗೆ, ಕಾವಲು ನೋಡುವ ಐಡಿಯನ್ನು 'ಸೆಟ್' ಆಜ್ಞೆಯಿಂದ ಇಟ್ಟರೆ ಅದು ಸೆಷನ್, ಅಂದರೆ ಆ ಕನೆಕ್ಷನ್, ಮುಗಿಯುವ ತನಕ ಅಲ್ಲೇ ಇರುತ್ತದೆ. ಅದೇ ಕನೆಕ್ಷನ್ ಗ್ರಾಹಕ 42ರ ಕೈಗೆ ಹೋದಾಗ ಐಡಿ ಬದಲಿಸಲು ಕೋಡ್ ಮರೆತರೆ, 42ರ ಪರದೆಯಲ್ಲಿ 41ರ ಬಿಲ್ಲುಗಳು! ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ ಎಂಬಂತೆ ಒಟ್ಟಿಗೆ ನಡೆಯುವ ಕೆಲಸಗಳ ಕಟ್ಟು) ಒಳಗೆ 'ಸೆಟ್ ಲೋಕಲ್' ಬಳಸಿ. ಟ್ರಾನ್ಸಾಕ್ಷನ್ ಮುಗಿದಾಗ ತಾನೇ ಅಳಿಯುತ್ತದೆ.

ಗ್ರಾಹಕನಿಗೊಂದು ಎಸ್‌ಕ್ಯುಲೈಟ್ (ಇಡೀ ಡೇಟಾಬೇಸನ್ನು ಒಂದೇ ಫೈಲಿನಲ್ಲಿಡುವ ತಂತ್ರಾಂಶ) ಫೈಲು ಇಟ್ಟರೆ ಈ ತಲೆನೋವು ಇಲ್ಲ. ಆದರೆ ಡಬ್ಲ್ಯುಎಎಲ್ (ಮೊದಲು ಲಾಗಿಗೆ ಬರೆಯುವ) ಕ್ರಮದಲ್ಲಿ ಹೊಸ ಬರಹ ಮೊದಲು ಪಕ್ಕದ '-ವಾಲ್' ಫೈಲಿಗೆ ಬೀಳುತ್ತದೆ. ಮುಖ್ಯ ಫೈಲೊಂದನ್ನೇ ನಕಲು ಮಾಡಿದರೆ ಕೊನೆಯ ವ್ಯವಹಾರಗಳು ತಪ್ಪಿಹೋಗಬಹುದು. ಬ್ಯಾಕಪ್ ಆಜ್ಞೆ ಅಥವಾ 'ವ್ಯಾಕ್ಯೂಮ್ ಇಂಟು' ಬಳಸಿ. ಹೊಸ ಕಾಲಮ್ ಸೇರಿಸುವಾಗ 800 ಫೈಲುಗಳಲ್ಲಿ 317ನೆಯದು ಕೈಕೊಟ್ಟರೆ ಎಲ್ಲಿಂದ ಮುಂದುವರಿಸಬೇಕೆಂದು ತಿಳಿಯಲು, ಪ್ರತಿ ಫೈಲಿನೊಳಗೆ ನಾವೇ ಇಡಬಹುದಾದ 'ಯೂಸರ್ ವರ್ಷನ್' ಸಂಖ್ಯೆಯನ್ನು ಅದೇ ಟ್ರಾನ್ಸಾಕ್ಷನ್ನಿನಲ್ಲಿ ಏರಿಸಿ.

ಇನ್ನು, "ನಿನ್ನೆ ಮಧ್ಯಾಹ್ನ ನಮ್ಮವರೇ ತಪ್ಪಿ ಅಳಿಸಿದರು, ಮರಳಿಸಿ" ಎಂದು ಒಬ್ಬ ಗ್ರಾಹಕ ಕೇಳಿದಾಗ? ಹಂಚಿಕೊಂಡ ಟೇಬಲಿನಲ್ಲಿ ಇಡೀ ಡೇಟಾಬೇಸನ್ನು ಹಿಂದಕ್ಕೆ ಒಯ್ಯಲಾಗದು. ಉಳಿದವರು ಅಷ್ಟರಲ್ಲಿ ಎಷ್ಟೋ ಬರೆದಿರುತ್ತಾರೆ. ಬ್ಯಾಕಪ್ಪನ್ನು ಬೇರೆ ಸರ್ವರಿನಲ್ಲಿ ತೆರೆದು, ಆ ಐಡಿಯ ಸಾಲುಗಳನ್ನಷ್ಟೇ 'ಕಾಪಿ' ಆಜ್ಞೆಯಿಂದ ಹೊರತೆಗೆದು, ಮೊದಲು ಮೂಲ ಟೇಬಲು, ನಂತರ ಅದನ್ನು ಅವಲಂಬಿಸಿದವು ಎಂಬ ಕ್ರಮದಲ್ಲಿ ತುಂಬಬೇಕು.

ಉಲ್ಟಾ ಕೂಡ ಆಗುತ್ತದೆ: ಹಳೆಯ ಬ್ಯಾಕಪ್ ಮರಳಿಸಿದ ದಿನ, ಎಂದೋ ಅಳಿಸಿದ ಗ್ರಾಹಕ ಎದ್ದು ಕೂರುತ್ತಾನೆ. ಅಳಿಸಿದ ಐಡಿಗಳ ಪಟ್ಟಿಯನ್ನು ಆ ಡೇಟಾಬೇಸಿನ ಹೊರಗೆ ಇಟ್ಟು, ಸರ್ವರನ್ನು ಗ್ರಾಹಕರಿಗೆ ತೆರೆಯುವ ಮೊದಲೇ ಮತ್ತೆ ಅನ್ವಯಿಸಿ.