ಸುಗ್ಗಿ ತಿಂಗಳು ಬೇಡ, ಬರದ ತಿಂಗಳು ತೋರಿಸಿ

ನನ್ನ ಆಫೀಸ್ ಇರುವುದು ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ತೆರಿಗೆ ಲೆಕ್ಕ ಬರೆಯುವುದು ನನ್ನ ಕೆಲಸ. ದಾಲ್ ಮಿಲ್‌ನವರು, ಗಂಜ್‌ನ ಅಡತಿಯವರು, ಮೇಷ್ಟ್ರು, ಡಾಕ್ಟ್ರು ಬರುತ್ತಾರೆ. ಈಚೆಗೆ ಇನ್ನೊಂದು ಥರದ ಗಿರಾಕಿ ಮೆಟ್ಟಿಲು ಹತ್ತುತ್ತಿದ್ದಾರೆ. ಗೇಮ್ ಆಡುತ್ತಾ ಅದನ್ನೇ ಲೈವ್ ತೋರಿಸಿ ದುಡಿಯುವ ಹುಡುಗರು. ಬಾಯಲ್ಲಿ ಕೇಳುವುದು ತೆರಿಗೆ. ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ. ಹತ್ತು ನಿಮಿಷ ಕೂತ ಮೇಲೆ ಹೊರಗೆ ಬರುತ್ತದೆ: "ಸರ್, ನೌಕರಿ ಬಿಡ್ಲಾ?"

ಕಳೆದ ಸಂಕ್ರಾಂತಿ ಮುಗಿದ ವಾರ ಒಬ್ಬ ಹುಡುಗ ಅಪ್ಪನನ್ನೂ ಕರೆದುಕೊಂಡು ಬಂದಿದ್ದ. ವಯಸ್ಸು 23. ಒಂದು ಖಾಸಗಿ ಸಂಸ್ಥೆಯಲ್ಲಿ ಬಿಲ್ಲಿಂಗ್ ಕೆಲಸ, ಸಂಬಳ 15,500. ಅಪ್ಪನಿಗೆ ಚಿತ್ತಾಪುರ ಕಡೆ ಹೊಲ, ತೊಗರಿ ಬೆಳೆಯುತ್ತಾರೆ. ಮನೆ ಇಲ್ಲೇ ಸೇಡಂ ರಸ್ತೆ ಕಡೆ. ಹುಡುಗ ಕೂತವನೇ ಮೊಬೈಲ್ ತೆಗೆದು ನನ್ನ ಟೇಬಲ್ ಮೇಲೆ ಇಟ್ಟ. ಎಲ್ಲ ಕಡೆಯಿಂದ ಬಂದ ದುಡ್ಡು ಸೇರಿಸಿ ತಾನೇ ಮಾಡಿಕೊಂಡ ತಿಂಗಳುವಾರು ಗ್ರಾಫ್ ತೆರೆದಿತ್ತು. ಜೂನ್ ಆದ ಮೇಲೆ ಒಂದೇ ಸಮ ಮಲಗಿಕೊಂಡಿದ್ದ ಗೆರೆ ಡಿಸೆಂಬರ್‌ನಲ್ಲಿ ನೆಟ್ಟಗೆ ಎದ್ದು ನಿಂತಿತ್ತು.

"ಹೋದ ತಿಂಗಳು ಐವತ್ತೆಂಟು ಸಾವಿರ ಬಂದಾವ ನೋಡ್ರಿ ಸರ್."

ಅಪ್ಪ ನನ್ನ ಕಡೆ ಬಾಗಿ, "ಸಾಹೇಬ್ರ, ರಾತ್ರಿ ಒಂದಕ್ಕ 'ಮಾರ್ ಮಾರ್' ಅಂತ ಒದರ್ಲತ್ತಾನ್ರಿ. ಬಾಜೂ ಮನಿಯವ್ರು ನಮ್ಮನ್ಯಾಗ ಜಗಳ ನಡ್ದದ ಅಂತ ತಿಳ್ಕೊಂಡಾರ," ಎಂದರು.

ಹುಡುಗನಿಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ. ನಮ್ಮ ಭಾಗದವರಿಗೆ ನೌಕರಿಯಲ್ಲಿ 371 ಜೆ ಕೋಟಾ ಇದೆ, ಸರ್ಕಾರಿ ಪರೀಕ್ಷೆ ಬರೆಯಲಿ ಅನ್ನುವುದು ಅವರ ಆಸೆ. ನಮ್ಮ ಕಡೆಯ ಎಲ್ಲ ಅಪ್ಪಂದಿರ ಆಸೆ ಅದೇ ತಾನೆ.

ಡಿಸೆಂಬರ್ ಬಿಡು, ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆ ಎಂದೆ. ಒಂದು ಹಾಳೆಯಲ್ಲಿ ತಿಂಗಳುಗಳನ್ನು ಬರೆದೆವು. ವರ್ಷಕ್ಕೆ ಒಟ್ಟು 2,31,000 ರೂಪಾಯಿ. ತಿಂಗಳಿಗೆ 19,250 ಬಿತ್ತು. "ನೋಡ್ರಿ, ಸಂಬಳಕ್ಕಿಂತ ಜಾಸ್ತಿ ಅದ," ಎಂದ. ಆಮೇಲೆ ನಾನು ಎಲ್ಲರಿಗೂ ಮಾಡಿಸುವ ಕೆಲಸ ಮಾಡಿಸಿದೆ: ಅತಿ ಹೆಚ್ಚು ಬಂದ ಎರಡು ತಿಂಗಳ ಮೇಲೆ ಗೆರೆ ಎಳೆ. ಡಿಸೆಂಬರ್‌ನ 58,000, ಜೂನ್‌ನ 41,000 ಹೋದವು. ಉಳಿದ ಹತ್ತು ತಿಂಗಳಿಗೆ 1,32,000. ಅಂದರೆ ತಿಂಗಳಿಗೆ 13,200. ಅದರಲ್ಲಿ ಕಂಪ್ಯೂಟರ್ ಇಎಂಐ 6,800. ಒಂದು ನೆಟ್ ಕೈಕೊಟ್ಟರೆ ಇನ್ನೊಂದು ಇರಲಿ ಅಂತ ಎರಡು ಇಂಟರ್‌ನೆಟ್, 1,180. ವಿಡಿಯೋ ಕತ್ತರಿಸಿ ಕೊಡುವ ಹುಡುಗನಿಗೆ 3,000. ಕೈಯಲ್ಲಿ ಉಳಿದದ್ದು 2,220. ದಿನಾ ರಾತ್ರಿ ಒಂಬತ್ತರಿಂದ ಒಂದರವರೆಗೆ ಲೈವ್, ಮೇಲೊಂದು ಗಂಟೆ ಬೇರೆ ಕೆಲಸ, ತಿಂಗಳಿಗೆ 26 ದಿನ. ಗಂಟೆಗೆ ಹದಿನೇಳು ರೂಪಾಯಿ.

ಹುಡುಗ ಸುಮ್ಮನಾದ. ಮಾತಾಡಿದ್ದು ಅಪ್ಪ. "ತೊಗರಿ ಒಂದು ವರ್ಷ ಎಕರೆಗೆ ಆರು ಕ್ವಿಂಟಲ್ ಬಂತು ಅಂತ, ಅದರ ಮ್ಯಾಲ ಮಗಳ ಮದ್ವಿ ಗೊತ್ತು ಮಾಡಕ್ಕ ಬರಲ್ರಿ."

ಈ ಅಂಕಣ ಬರೆಯಬೇಕು ಅನ್ನಿಸಿದ್ದು ಆ ಮಾತಿಗೆ. ಈ ಹುಡುಗರು ಅಪ್ಪನಿಗೆ ತಮ್ಮ ಕೆಲಸ ತಿಳಿಯೋದಿಲ್ಲ ಅಂದುಕೊಂಡಿರುತ್ತಾರೆ. ಸ್ಟ್ರೀಮಿಂಗ್, ಅಂದರೆ ಈ ಲೈವ್ ತೋರಿಸುವ ದುಡಿಮೆ, ಸಂಬಳದ ಥರ ಅಲ್ಲ, ಅಂಗಡಿ ವ್ಯಾಪಾರದ ಥರವೂ ಅಲ್ಲ. ಅದು ಮಳೆ ನಂಬಿದ ಒಣ ಬೇಸಾಯ. ಅದನ್ನು ನಮ್ಮ ಜಿಲ್ಲೆಯ ರೈತನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಳೆ ಎಲ್ಲಿಂದ ಬರುತ್ತದೆ ಅನ್ನುವುದು ಮಾತ್ರ ಅಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳಿದೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಚಂದಾದಾರರು ಬೇಕು, ಜತೆಗೆ ಒಂದು ವರ್ಷದೊಳಗೆ 4,000 ಗಂಟೆ ಜನ ನೋಡಿರಬೇಕು. ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ಅನ್ನುವ ಚಿಕ್ಕ ವಿಡಿಯೋಗಳಿಗೆ ಒಂದು ಕೋಟಿ ವೀಕ್ಷಣೆ. (ಮುಗಿದ ಲೈವನ್ನು ಅಳಿಸಿದರೆ ಅಥವಾ ಪ್ರೈವೇಟ್ ಮಾಡಿದರೆ ಆ ಗಂಟೆಗಳು ಲೆಕ್ಕಕ್ಕಿಲ್ಲ. ಸೋತ ಆಟ ನಾಚಿಕೆ ಅಂತ ಅಳಿಸಿ ಹಾಕುವ ಹುಡುಗರಿದ್ದಾರೆ, ಅದಕ್ಕೇ ಹೇಳಿದೆ.) ಲೈವ್ ಮತ್ತು ಉದ್ದ ವಿಡಿಯೋಗಳ ಜಾಹೀರಾತಿನಲ್ಲಿ ಆಡುವವನಿಗೆ ನೂರಕ್ಕೆ 55 ಪಾಲು, ಶಾರ್ಟ್ಸ್‌ನಲ್ಲಿ 45. ನೋಡುವವರು ಪ್ರೀತಿಯಿಂದ ಹಾಕುವ ದುಡ್ಡಿನಲ್ಲಿ, ಅಂದರೆ ಸೂಪರ್ ಚಾಟ್, ಮೆಂಬರ್‌ಶಿಪ್‌ನಲ್ಲಿ, 70. ಖಾತೆಯಲ್ಲಿ 100 ಡಾಲರ್ ಕೂಡುವ ತನಕ ಕೈಗೆ ಬರುವುದಿಲ್ಲ.

ಹತ್ತು ಡಾಲರ್ ದಾಟಿದಾಗ ವಿಳಾಸ ಖಾತ್ರಿಗೆ ಪಿನ್ ನಂಬರ್ ಇರುವ ಲಕೋಟೆ ಅಂಚೆಯಲ್ಲಿ ಬರುತ್ತದೆ. ಇವನ ಲಕೋಟೆಯನ್ನು ಪೋಸ್ಟ್‌ಮ್ಯಾನ್ ಅಪ್ಪನ ಕೈಗೆ ಕೊಟ್ಟು ಹೋಗಿದ್ದನಂತೆ. ಅವರು ಬ್ಯಾಂಕ್ ನೋಟಿಸ್ ಅಂತ ಹೆದರಿ ಎರಡು ದಿನ ದೇವರ ಮನೆಯಲ್ಲಿ ಇಟ್ಟಿದ್ದರು.

ಈಗ ಆ 58,000ವನ್ನೇ ಬಿಚ್ಚಿ ನೋಡೋಣ. ಜಾಹೀರಾತು 14,000. ಸೂಪರ್ ಚಾಟ್, ಮೆಂಬರ್‌ಶಿಪ್ ಸೇರಿ 6,000. ಉಳಿದ 38,000 ಎರಡು ಕಂಪನಿಗಳ ಪ್ರಚಾರದ ದುಡ್ಡು. ಅದರಲ್ಲಿ ಒಂದು ಕಂಪನಿ ಐದು ತಿಂಗಳ ಹಿಂದಿನ ಕೆಲಸಕ್ಕೆ ಡಿಸೆಂಬರ್‌ನಲ್ಲಿ ದುಡ್ಡು ಕಳಿಸಿತ್ತು, ಅದೂ ಹದಿನಾಲ್ಕು ಸಲ ಮೆಸೇಜ್ ಮಾಡಿದ ಮೇಲೆ. ಕೈಬರಹದ ಒಪ್ಪಂದವೂ ಇರಲಿಲ್ಲ. ಹಾಗಾಗಿ ಡಿಸೆಂಬರ್ ಎದ್ದು ನಿಂತದ್ದು ಜನ ಜಾಸ್ತಿ ನೋಡಿದ್ದಕ್ಕಲ್ಲ, ಹಳೇ ಬಾಕಿ ಬಂದದ್ದಕ್ಕೆ.

ಜೂನ್ ಲೆಕ್ಕ ಇನ್ನೂ ಬೇರೆ. ಆ 41,000ದಲ್ಲಿ 25,000 ಒಂದು ಕಾರ್ಡ್ ಆಟದ ಆ್ಯಪ್ ಪ್ರಚಾರದ್ದು. ಅದು ಇನ್ನು ಬರುವ ದುಡ್ಡಲ್ಲ, ಬರಲೂಬಾರದು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅಂಥ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಅದರ ಪ್ರಚಾರ ಮಾಡಿದರೆ ಎರಡು ವರ್ಷ, 50 ಲಕ್ಷ. "ನಾವ್ ಆ್ಯಪ್ ನಡಸಲ್ರಿ," ಎಂದ ಹುಡುಗ. ಸರಿಯಪ್ಪಾ, ಶನಿವಾರ ರಾತ್ರಿ ಐವತ್ತು ರೂಪಾಯಿ ಎಂಟ್ರಿ ಇಸಕೊಂಡು, ಗೆದ್ದವನಿಗೆ ಎರಡು ಸಾವಿರ ಕೊಡುವ ಕಸ್ಟಮ್ ರೂಮ್, ಅಂದರೆ ಕರೆದವರಷ್ಟೇ ಆಡುವ ಪಂದ್ಯ, ಯಾರು ನಡೆಸುತ್ತಾರೆ ಎಂದೆ. ತಲೆ ತಗ್ಗಿಸಿದ. ಈ ಎಂಟ್ರಿ ಫೀ ವ್ಯವಹಾರ ನಮ್ಮ ಊರಿನ ಚಿಕ್ಕ ಚಿಕ್ಕ ಚಾನೆಲ್‌ಗಳಲ್ಲೂ ಇದೆ. ಕ್ರೀಡೆಯ ಥರ ಪಂದ್ಯಾವಳಿ ಕಟ್ಟಿ ಆಡುವ ಇಸ್ಪೋರ್ಟ್ಸ್‌ಗೆ ಕಾಯ್ದೆ ಬೇರೆ ಜಾಗ ಕೊಟ್ಟಿರುವುದು ನಿಜ. ಆದರೆ ಮನೆಯ ಕೋಣೆಯಲ್ಲಿ ಕೂತು ಯುಪಿಐ ಮೇಲೆ ಐವತ್ತು ಐವತ್ತು ಕೂಡಿಸಿದ್ದನ್ನು ಇಸ್ಪೋರ್ಟ್ಸ್ ಅಂತ ಕರೆದರೆ ಆಗಿಬಿಡುವುದಿಲ್ಲ. ಅವತ್ತೇ ಅದನ್ನು ನಿಲ್ಲಿಸಲು ಹೇಳಿದೆ. ಚಂದಾದಾರರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ತೆರಿಗೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಈ ಮಟ್ಟದ ದುಡಿಮೆಗೆ ತೆರಿಗೆ ದೊಡ್ಡ ಭಯವೇ ಅಲ್ಲ. 2025–26ರ ಆದಾಯಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಆದರೂ ರಿಟರ್ನ್ ಹಾಕಿ ಅನ್ನುತ್ತೇನೆ. ನಾಳೆ ಬ್ಯಾಂಕ್ ಸಾಲ ಕೇಳಿದಾಗ ಚಂದಾದಾರರ ಸಂಖ್ಯೆ ತೋರಿಸಿದರೆ ಮ್ಯಾನೇಜರ್ ಒಪ್ಪಲ್ಲ, ಮೂರು ವರ್ಷದ ರಿಟರ್ನ್ ಕೇಳುತ್ತಾರೆ. ಎರಡು ವಿಷಯದಲ್ಲಿ ಮಾತ್ರ ಹುಡುಗರು ಪದೇ ಪದೇ ಎಡವುತ್ತಾರೆ. ಯೂಟ್ಯೂಬ್ ದುಡ್ಡು ಬರುವ ಗೂಗಲ್‌ನ ಆ್ಯಡ್‌ಸೆನ್ಸ್ ಖಾತೆಯಲ್ಲಿ ಅಮೆರಿಕದ ತೆರಿಗೆ ಫಾರ್ಮ್ ತುಂಬದೆ ಬಿಡುವುದು ಒಂದು. ತುಂಬಿದರೆ ಅಮೆರಿಕದ ವೀಕ್ಷಕರಿಂದ ಬಂದ ಭಾಗಕ್ಕೆ ಮಾತ್ರ ಎರಡು ದೇಶಗಳ ತೆರಿಗೆ ಒಪ್ಪಂದದ ಪ್ರಕಾರ 15 ಪರ್ಸೆಂಟ್ ಹಿಡಿಯುತ್ತಾರೆ. ತುಂಬದಿದ್ದರೆ ಇಡೀ ಜಗತ್ತಿನ ದುಡಿಮೆಯಲ್ಲಿ 24 ಪರ್ಸೆಂಟ್‌ವರೆಗೆ ಕತ್ತರಿಸಬಹುದು. ಐದು ನಿಮಿಷದ ಕೆಲಸ. ಇನ್ನೊಂದು, ಕಂಪನಿಯವರು ಫ್ರೀ ಕೊಟ್ಟ ಫೋನ್. ಒಂದು ಕಂಪನಿ ವರ್ಷದಲ್ಲಿ ಕೊಟ್ಟ ವಸ್ತುಗಳ ಬೆಲೆ 20,000 ದಾಟಿದರೆ 10 ಪರ್ಸೆಂಟ್ ಟಿಡಿಎಸ್ (ಮೊದಲೇ ಹಿಡಿಯುವ ತೆರಿಗೆ) ಇದೆ, 2022ರ ಜುಲೈನಿಂದ. ಆ ಫೋನ್ ನಿಮ್ಮ ಆದಾಯಕ್ಕೂ ಸೇರುತ್ತದೆ. ರಿವ್ಯೂ ಮಾಡಿ ವಾಪಸ್ ಕೊಟ್ಟರೆ ಈ ರಗಳೆ ಇಲ್ಲ. ಇನ್ನು ಜಿಎಸ್‌ಟಿ, 20 ಲಕ್ಷ ದಾಟುವ ದಿನ ಬರಲಿ, ಅವತ್ತು ಮಿರ್ಚಿ ಭಜಿ ತರಿಸಿ ಮಾತಾಡೋಣ.

ಅಪ್ಪ ಕೊನೆಗೊಂದು ಪ್ರಶ್ನೆ ಕೇಳಿದರು. "ಈ ಆಟ ನಾಳಿಗಿ ಬಂದ್ ಆದ್ರ?"

ಹುಡುಗ ನಕ್ಕ. ಆದರೆ ಅದು ಆಗಿದೆಯಲ್ಲಾ. 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ನಿಷೇಧ ಆಯಿತು. 2021ರ ಜುಲೈನಲ್ಲಿ ಬಿಜಿಎಂಐ ಅಂತ ಬೇರೆ ಹೆಸರಲ್ಲಿ ಬಂತು. 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಹೋಯಿತು. ಅದೇ ಜುಲೈನಲ್ಲಿ ಬಿಜಿಎಂಐ ಕೂಡ ಆ್ಯಪ್ ಸ್ಟೋರ್‌ನಿಂದ ಮಾಯ. ಮತ್ತೆ ಬಂದದ್ದು 2023ರ ಮೇ ಕೊನೆಗೆ. ಹತ್ತು ತಿಂಗಳು. ಫೋನಿನಲ್ಲಿ ಮೊದಲೇ ಇದ್ದವರು ಆಡಿಕೊಂಡಿದ್ದರು, ಹೊಸಬರು ಬರುವ ದಾರಿ ಮುಚ್ಚಿತ್ತು. 2022ರ ಕೊನೆಗೆ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿದ್ದದ್ದು ಅಪ್ಪನಿಗೆ ನೆನಪಿತ್ತು. ಹಸಿರಾಗಿ ನಿಂತ ಗಿಡ, ಕಾಯಿ ಕಟ್ಟುವ ಹೊತ್ತಿಗೆ ಸಾಲು ಸಾಲಾಗಿ ಒಣಗಿತು. "ಹಂಗೇ ಅನ್ರಿ," ಎಂದರು. ನೆಟೆ ಬಿದ್ದ ಹೊಲದಲ್ಲಿ ಮತ್ತೆ ಮತ್ತೆ ತೊಗರಿಯನ್ನೇ ಹಾಕಬೇಡಿ, ಜೋಳವನ್ನೋ ಇನ್ನೊಂದನ್ನೋ ಬಿತ್ತಿ ಬದಲಿಸಿ ಅನ್ನುತ್ತಾರಲ್ಲ, ಹುಡುಗನಿಗೂ ಅದನ್ನೇ ಹೇಳಿದೆ. ಫೆಬ್ರುವರಿ ಪೂರ್ತಿ ವಾರಕ್ಕೆ ಮೂರು ರಾತ್ರಿ ಬೇರೆ ಗೇಮ್ ಆಡು. ಎಷ್ಟು ಜನ ಉಳಿಯುತ್ತಾರೆ ಬರೆದಿಡು. ಒಂದು ನೋಟ್‌ಬುಕ್ ಮಾಡು.

ಇನ್ನೂ ಒಂದು ಮಾತು, ಇದು ಲೆಕ್ಕದ್ದಲ್ಲ. ನಮ್ಮ ಊರಿನ ಬೇಸಿಗೆ ಲೆಕ್ಕಕ್ಕೆ ತೆಗೆದುಕೊಂಡಿರುವ ಸ್ಟ್ರೀಮರ್ ಯಾರನ್ನೂ ನಾನು ನೋಡಿಲ್ಲ. ಏಪ್ರಿಲ್, ಮೇನಲ್ಲಿ 42–43 ಡಿಗ್ರಿ. ಶೀಟಿನ ಕೋಣೆ, ಸದ್ದು ಹೊರಗೆ ಹೋಗಬಾರದು ಅಂತ ಮುಚ್ಚಿದ ಕಿಟಕಿ, ಮೈಕ್‌ನಲ್ಲಿ ಕೇಳಿಸುತ್ತದೆ ಅಂತ ಆಫ್ ಮಾಡಿದ ಕೂಲರ್, ಪಕ್ಕದಲ್ಲಿ ಬಿಸಿ ಉಗುಳುವ ಕಂಪ್ಯೂಟರ್. ನಡುವೆ ಕರೆಂಟ್ ಹೋದರೆ ಲೈವ್ ಕಡಿಯುತ್ತದೆ, ಕೂತ ಜನ ಎದ್ದು ಹೋಗುತ್ತಾರೆ. ಇನ್ವರ್ಟರ್ ಖರ್ಚನ್ನೂ ಎಸಿ ಬಿಲ್ಲನ್ನೂ ಬರೆದ ಮೇಲೆ ಪೂರ್ಣಾವಧಿಯ ಮಾತಾಡಿ. ನೌಕರಿ ಬಿಟ್ಟರೆ ಅದೇ ಕೋಣೆಯಲ್ಲಿ ಹಗಲೂ ಕೂರಬೇಕು.

ಪಿಯುಸಿ ಓದುವ ಮಕ್ಕಳ ತಂದೆತಾಯಿ ಫೋನ್ ಮಾಡಿ ಕೇಳುತ್ತಾರೆ. ಅವರಿಗೆ ಉತ್ತರ ಚಿಕ್ಕದು. 16 ವರ್ಷ ಆಗದವರು ಒಬ್ಬರೇ ಲೈವ್ ಬರಲು ಯೂಟ್ಯೂಬ್ 2025ರ ಜುಲೈನಿಂದ ಬಿಡುವುದಿಲ್ಲ. 18 ಆಗದೆ ಆ್ಯಡ್‌ಸೆನ್ಸ್ ಖಾತೆ ತಮ್ಮ ಹೆಸರಲ್ಲಿ ಇರುವುದಿಲ್ಲ. ಓದಲಿ, ರಜೆಯಲ್ಲಿ ಆಡಲಿ.

ಮಾರ್ಚ್ ಮೊದಲ ವಾರ ಹುಡುಗ ನೋಟ್‌ಬುಕ್ ಹಿಡಿದು ಬಂದ. ಮುಖ ಬಾಡಿತ್ತು. ದಿನಾ ಆಡುವ ಗೇಮ್‌ಗೆ ಒಂದೇ ಹೊತ್ತಿಗೆ 280 ಜನ ಕೂರುತ್ತಿದ್ದರು. ಬೇರೆ ಗೇಮ್ ಹಾಕಿದ ರಾತ್ರಿ 60. "ಎಲ್ಲಾ ಹೋಯ್ತು ಸರ್," ಎಂದ. ನನಗೆ ಖುಷಿಯಾಯಿತು, ಸುಳ್ಳು ಹೇಳಲ್ಲ. ಆ 220 ಜನ ಗೇಮಿನವರು, ಈ 60 ಜನ ನಿನ್ನವರು ಎಂದೆ. ಅವರ ಚಾಟ್ ಓದಿಸಿದೆ. ಅರ್ಧಕ್ಕರ್ಧ ನಮ್ಮ ಭಾಷೆ. "ಅಣ್ಣಾ ಊಟ ಆಯ್ತಾ", "ಯಾದಗಿರಿ ಮಂದಿ ಹಾಜರ್", "ಬೀದರ್‌ದಾಗ ಕರೆಂಟ್ ಹೋಗ್ಯದ, ಡಾಟಾ ಮ್ಯಾಲ ನೋಡ್ಲತ್ತೀನಿ". ಫೆಬ್ರುವರಿಯ ಸೂಪರ್ ಚಾಟ್ ದುಡ್ಡು ನೋಡಿದರೆ ಹೆಚ್ಚು ಕಡಿಮೆ ಮೊದಲಿನಷ್ಟೇ ಇತ್ತು. ಕೊಡುವವರು ಆ 60ರಲ್ಲೇ ಇದ್ದರು. ಅಲ್ಲಿಯವರೆಗೆ ಅವನು ಹಿಂದಿಯಲ್ಲಿ ಮಾತಾಡಿ ದೊಡ್ಡ ಊರಿನವರ ಥರ ಕಾಣಲು ಒದ್ದಾಡುತ್ತಿದ್ದ.

ನೌಕರಿ ಇನ್ನೂ ಬಿಟ್ಟಿಲ್ಲ. ನಾವು ಮೂವರೂ ಕೂತು ಒಂದು ಗೆರೆ ಹಾಕಿದ್ದೇವೆ. ದೊಡ್ಡ ಎರಡು ತಿಂಗಳು ಬಿಟ್ಟು ಉಳಿದ ಹತ್ತರ ಸರಾಸರಿಯಲ್ಲಿ, ಖರ್ಚು ಕಳೆದು 15,500 ಉಳಿಯಬೇಕು. ಬ್ಯಾಂಕಿನಲ್ಲಿ ಆರು ತಿಂಗಳ ಖರ್ಚು ಇರಬೇಕು. ಕಂಪ್ಯೂಟರ್ ಸಾಲ ತೀರಿರಬೇಕು. ಅಲ್ಲಿಯವರೆಗೆ ವಾರಕ್ಕೆ ನಾಲ್ಕೇ ರಾತ್ರಿ ಲೈವ್, ಹನ್ನೊಂದೂವರೆಗೆ ಬಂದ್. ಸರ್ಕಾರಿ ಪರೀಕ್ಷೆಯ ಅರ್ಜಿಯನ್ನೂ ಹಾಕಿದ್ದಾನೆ, ಅಪ್ಪನಿಗಾಗಿ.

ಕಳೆದ ತಿಂಗಳು ಅವನ ನೋಟ್‌ಬುಕ್ ತಿರುವುತ್ತಿದ್ದೆ. ಹಿಂದಿನ ಪುಟಗಳಲ್ಲಿ ಬೇರೆಯದೇ ಅಕ್ಷರ ಕಂಡಿತು. ದಪ್ಪ, ಒತ್ತಿ ಬರೆದ ಅಕ್ಷರ. ತೊಗರಿ ಬೀಜ, ಗೊಬ್ಬರ, ಎಣ್ಣಿ ಹೊಡೆದದ್ದು, ಆಳಿನ ಕೂಲಿ. ಕೆಳಗೆ ಐದು ವರ್ಷದ ಇಳುವರಿ ಒಂದರ ಕೆಳಗೊಂದು. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿಯ ಮೇಲೆ ಗೆರೆ ಎಳೆದಿತ್ತು.