ಮಳೆಯ ಮೊದಲ ಹನಿ ಮತ್ತು ಭಾನುವಾರದ ಫೈನಲ್

ಕಾಸರಗೋಡು ಜಿಲ್ಲೆಯ ಕುಂಬಳೆಯಿಂದ ಉಪ್ಪಳದ ಕಡೆಗೆ ಹೋಗುವಾಗ ಸುಗ್ಗಿ ಕೊಯ್ಲು ಮುಗಿದ ಒಂದು ದೊಡ್ಡ ಗದ್ದೆ ಸಿಗುತ್ತದೆ. ವರ್ಷಕ್ಕೆ ಎರಡು ವಾರ ಅದೇ ನಮ್ಮ ಸ್ಟೇಡಿಯಂ. ಅಡಿಕೆ ಮರ ಕಟ್ಟಿ ಮಾಡಿದ ಗ್ಯಾಲರಿ, ಕಂಬಕ್ಕೆ ಏರಿಸಿದ ಲೈಟು, ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೂಗುವ ಮೈಕು. ತಂಡಕ್ಕೆ ಏಳೇ ಜನ ಆಡುವ ಫುಟ್ಬಾಲಿಗೆ ನಮ್ಮ ಕಡೆ ಸೆವೆನ್ಸ್ ಎಂದರೆ ಸಾಕು, ಬಿಡಿಸಿ ಹೇಳಬೇಕಿಲ್ಲ. ಈ ಭಾನುವಾರ ಫೈನಲ್. ಒಂದು ಕಡೆ ನಮ್ಮೂರಿನ ಹುಡುಗರು. ಇನ್ನೊಂದು ಕಡೆ ಆಫ್ರಿಕಾದ ಇಬ್ಬರು ಆಟಗಾರರನ್ನು ಕರೆಸಿಕೊಂಡಿರುವ ತಂಡ.

ಹೋಟೆಲಿನಲ್ಲಿ ವಾರದಿಂದ ಇದೇ ಮಾತು. ಮೀನಿನ ಗಾಡಿಯ ಇಚ್ಚ ಹೇಳಿದರು, “ಅವರು ನಮಗಿಂತ ಎರಡು ಪಾಲು ಜೋರು. ನಾವು ಗೆಲ್ಲುವುದುಂಟಾ?” ಅಡಿಕೆ ಅಂಗಡಿಯ ಶೆಟ್ರು ಹೇಳಿದರು, “ಮೂರು ವರ್ಷ ಸೋತಾಯ್ತು. ಈ ಸಲ ಗೆಲ್ಲಲೇಬೇಕು, ನಮ್ಮ ಸರದಿ ಬಂದಿದೆ.” ಹತ್ತನೇ ಕ್ಲಾಸಿನ ಒಬ್ಬ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ, “ನಾನು ನೋಡ್ಲಿಕ್ಕೆ ಹೋದ್ರೆ ನಮ್ಮವರು ಸೋಲ್ತಾರೆ ಮಾಷ್ಟ್ರೇ. ಸೆಮಿಗೆ ಹೋಗ್ಲಿಲ್ಲ, ಗೆದ್ರು. ಫೈನಲಿಗೂ ಹೋಗುದಿಲ್ಲ.”

ಈ ಮೂರನೆಯ ಮಾತು ನನ್ನನ್ನು ತುಂಬಾ ಕಾಡಿತು. ಫುಟ್ಬಾಲ್ ಎಂದರೆ ಊಟ ಬಿಡುವ ಹುಡುಗ. ಅವನು ಫೈನಲ್ ದಿನ ಮನೆಯೊಳಗೆ ಕೂರುತ್ತಾನಂತೆ. ಅವನಿಗಾಗಿಯೇ ಈ ಲೆಕ್ಕ ಬರೆಯುತ್ತಿದ್ದೇನೆ.

ಎಲ್ಲದರ ಬುಡದಲ್ಲಿ ಇರುವುದು ಒಂದೇ ವಿಷಯ. ಫುಟ್ಬಾಲಿನಲ್ಲಿ ಗೋಲು ಅಪರೂಪ. 2022ರ ಕತಾರ್ ವಿಶ್ವಕಪ್‌ನಲ್ಲಿ 64 ಪಂದ್ಯಗಳಿಗೆ 172 ಗೋಲು. 2018ರಲ್ಲಿ ಅಷ್ಟೇ ಪಂದ್ಯಗಳಿಗೆ 169. 2014ರಲ್ಲಿ 171. ಪಂದ್ಯಕ್ಕೆ ಸರಾಸರಿ 2.7 ಎಂದು ಇಟ್ಟುಕೊಳ್ಳಿ. ಇಪ್ಪತ್ತೆರಡು ಜನ ಒಂದೂವರೆ ಗಂಟೆ ಓಡಿ, ನೂರಾರು ಪಾಸ್ ಕೊಟ್ಟು, ಕೊನೆಗೆ ಕೈಗೆ ಬರುವುದು ಎರಡೋ ಮೂರೋ ಗೋಲು. ಹೀಗೆ ಅಪರೂಪಕ್ಕೆ ಆಗುವ ಸಂಗತಿಗಳಿಗೆ ಒಂದು ನಡತೆ ಇದೆ. ಆ ನಡತೆ ಎಷ್ಟು ಚೆಂದ ಎಂದರೆ, ಮೊದಲ ಸಲ ಅರ್ಥವಾದ ದಿನ ನಾನು ರಾತ್ರಿಯೆಲ್ಲ ಕಾಗದದಲ್ಲಿ ಲೆಕ್ಕ ಮಾಡುತ್ತಾ ಕೂತಿದ್ದೆ.

ಜೂನ್ ತಿಂಗಳ ಮೊದಲ ಮಳೆ ನೆನಪು ಮಾಡಿಕೊಳ್ಳಿ. ಅಂಗಳದಲ್ಲಿ ಅಡಿಕೆ ಇನ್ನೂ ಸ್ವಲ್ಪ ಒಣಗಬೇಕು. ಪಡುವಣದಲ್ಲಿ ಮೋಡ ಕಟ್ಟಿತು. ಎಲ್ಲರೂ ಟಾರ್ಪಾಲ್ ಹುಡುಕುತ್ತಿದ್ದಾರೆ. ಆಗ ಬಿತ್ತು ದಪ್ಪ ದಪ್ಪ ಹನಿ. ಅಂಗಳದ ಅಂಚಿಗೆ ಒಂದೇ ಅಳತೆಯ ನೂರು ಕಲ್ಲು ಹಾಸಿದೆ ಎಂದುಕೊಳ್ಳೋಣ. ಅವುಗಳ ಮೇಲೆ ಸರಿಯಾಗಿ ನೂರು ಹನಿ ಬಿದ್ದಾಗ ಮಳೆಯನ್ನು ನಿಲ್ಲಿಸಿ ನೋಡೋಣ. ಕಲ್ಲಿಗೊಂದು ಹನಿ ಸಿಕ್ಕಿರುತ್ತದಾ? ಇಲ್ಲ. ಸುಮಾರು 37 ಕಲ್ಲು ಪೂರ್ತಿ ಒಣಗಿಯೇ ಇರುತ್ತವೆ. ಇನ್ನೊಂದು 37ಕ್ಕೆ ಒಂದೊಂದು ಹನಿ. 18ಕ್ಕೆ ಎರಡೆರಡು. ಆರಕ್ಕೆ ಮೂರು ಮೂರು. ಒಂದೆರಡು ಕಲ್ಲಿಗೆ ನಾಲ್ಕೋ ಐದೋ. ಪ್ರತಿ ಮಳೆಗೂ ಒಂದಿಷ್ಟು ಹೆಚ್ಚುಕಡಿಮೆ ಆಗಬಹುದು, ಆದರೆ ಹಂಚಿಕೆಯ ಆಕಾರ ಇದೇ. ನಾಲ್ಕು ಹನಿ ಬಿದ್ದ ಕಲ್ಲಿಗೆ ವಿಶೇಷ ಶಕ್ತಿ ಇರಲಿಲ್ಲ. ಒಣಗಿ ಉಳಿದ ಕಲ್ಲಿಗೆ ಶಾಪವೂ ಇರಲಿಲ್ಲ. ಯಾರೂ ಗುರಿ ಇಡದಿದ್ದರೆ ಹನಿಗಳು ಹೀಗೇ ಬೀಳುತ್ತವೆ.

ತೋಟದಲ್ಲಿ ನಳ್ಳಿ, ಅಂದರೆ ಎಳೆ ಅಡಿಕೆ, ಉದುರುವುದೂ ಹೆಚ್ಚು ಕಡಿಮೆ ಹಾಗೇ. ಒಂದು ಬುಡದಲ್ಲಿ ಐದು, ಪಕ್ಕದ ಬುಡದಲ್ಲಿ ಸೊನ್ನೆ. ಎಲ್ಲವನ್ನೂ ರೋಗ ಎನ್ನಬೇಡಿ, ಎಲ್ಲವನ್ನೂ ಕಣ್ಣು ತಾಗಿದ್ದು ಎನ್ನಬೇಡಿ. ಅಂಗಡಿಗೆ ಗಿರಾಕಿ ಬರುವುದೂ ಹಾಗೇ. ಅರ್ಧ ಗಂಟೆ ಒಬ್ಬರೂ ಇಲ್ಲ, ಆಮೇಲೆ ನಾಲ್ಕು ಜನ ಒಟ್ಟಿಗೆ. ಅವರೇನು ಮಾತಾಡಿಕೊಂಡು ಬಂದದ್ದಲ್ಲ, ಅಲ್ವಾ?

ಈ ಹಂಚಿಕೆಗೆ ಪಾಯ್ಸಾನ್ ಹಂಚಿಕೆ ಎಂದು ಹೆಸರು. ಫ್ರಾನ್ಸಿನ ಗಣಿತಜ್ಞ ಸಿಮಿಯೋನ್ ಡೆನಿ ಪಾಯ್ಸಾನ್ 1837ರಲ್ಲಿ ಕೋರ್ಟಿನ ತೀರ್ಪುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದರ ಸೂತ್ರ ಇತ್ತು. ಅರುವತ್ತು ವರ್ಷ ಹೆಚ್ಚಿನವರು ಅದರ ಕಡೆ ನೋಡಲಿಲ್ಲ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸ ಒಂದು ವಿಚಿತ್ರ ಪಟ್ಟಿ ಹಿಡಿದು ಬಂದ. ಹಳೆಯ ಜರ್ಮನ್ ರಾಜ್ಯ ಪ್ರಷ್ಯದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಪಟ್ಟಿ! ಹತ್ತು ಪಡೆ, ಇಪ್ಪತ್ತು ವರ್ಷ. ಒಂದು ಪಡೆಯ ಒಂದು ವರ್ಷವನ್ನು ನಮ್ಮ ಅಂಗಳದ ಒಂದು ಕಲ್ಲು ಎಂದು ತಿಳಿಯಿರಿ. ಹಾಗಾದರೆ 200 ಕಲ್ಲು, ಒಟ್ಟು 122 ಸಾವು. ಒಂದೂ ಸಾವಿಲ್ಲದ ಕಲ್ಲು ಎಷ್ಟಿರಬೇಕು? ಸೂತ್ರ ಹೇಳಿದ್ದು 109. ಪಟ್ಟಿಯಲ್ಲಿ ಇದ್ದದ್ದೂ 109. ಒಂದು ಸಾವಿನ ಕಲ್ಲು ಸೂತ್ರದಲ್ಲಿ 66, ಪಟ್ಟಿಯಲ್ಲಿ 65. ಎರಡು ಸಾವಿನದು ಸೂತ್ರದಲ್ಲಿ 20, ಪಟ್ಟಿಯಲ್ಲಿ 22. ಕುದುರೆಗೆ ಗಣಿತ ಗೊತ್ತಿಲ್ಲ. ಸತ್ತ ಸೈನಿಕನ ಮನೆಯವರಿಗೆ ಅದು ಹಣೆಬರಹ. ಎಲ್ಲವನ್ನೂ ಒಟ್ಟು ಸೇರಿಸಿದರೆ ಮಾತ್ರ ಮಳೆಹನಿಯ ಆಕಾರ ಕಾಣುತ್ತದೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹಾರುವ ಬಾಂಬುಗಳು ಲಂಡನ್ನಿನ ಮೇಲೆ ಬಿದ್ದಾಗ ಜನರಿಗೆ ಬೇರೆಯೇ ಭಯ. ಕೆಲವು ಬೀದಿಗಳನ್ನೇ ಹುಡುಕಿ ಹೊಡೆಯುತ್ತಿದ್ದಾರೆ ಎಂಬ ಗುಮಾನಿ. ಯುದ್ಧ ಮುಗಿದ ಮೇಲೆ, 1946ರಲ್ಲಿ, ವಿಮೆಯ ಲೆಕ್ಕ ನೋಡುವ ಕ್ಲಾರ್ಕ್ ಎಂಬವರು ದಕ್ಷಿಣ ಲಂಡನ್ನಿನ ನಕ್ಷೆಯನ್ನು 576 ಚೌಕ ಮಾಡಿ ಎಣಿಸಿದರು. ಬಿದ್ದ ಬಾಂಬು 537. ಒಂದೂ ಬೀಳದ ಚೌಕ 229. ಸೂತ್ರ ಹೇಳಿದ್ದು 227. ಆ ಚೌಕಗಳ ನಡುವೆ ಆರಿಸಿ ಹೊಡೆದ ಗುರುತು ಇರಲಿಲ್ಲ. ಅಷ್ಟು ದೊಡ್ಡ ಭಯಕ್ಕೆ ಒಂದು ನಕ್ಷೆ ಮತ್ತು ಸ್ವಲ್ಪ ತಾಳ್ಮೆ ಉತ್ತರ ಕೊಟ್ಟಿತು. ನನಗೆ ವಿಜ್ಞಾನ ಎಂದರೆ ಇಷ್ಟವಾಗುವುದು ಇದಕ್ಕೇ.

ಈಗ ಗದ್ದೆಗೆ ವಾಪಸ್ ಬರೋಣ. ಒಂದು ತಂಡದ ಒಂದು ಪಂದ್ಯ ಎಂದರೆ ಒಂದು ಕಲ್ಲು. ಗೋಲು ಎಂದರೆ ಹನಿ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಮೈಕ್ ಮಾಹೆರ್ 1982ರಲ್ಲಿ ಇದೇ ದಾರಿ ಹಿಡಿದರು. ಒಂದು ತಂಡದ ಹೊಡೆಯುವ ಬಲ ಮತ್ತು ಎದುರು ತಂಡದ ತಡೆಯುವ ಬಲ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಂಡರೆ ಅದರ ಸರಾಸರಿ ಗೋಲು ಸಿಗುತ್ತದೆ. ಉಳಿದದ್ದು ಪಾಯ್ಸಾನ್ ಕೆಲಸ.

ಇಚ್ಚ ಹೇಳಿದಂತೆ ಅವರು ಎರಡು ಪಾಲು ಜೋರು ಎಂದೇ ಇರಲಿ. ಅವರ ಸರಾಸರಿ ಪಂದ್ಯಕ್ಕೆ 1.8 ಗೋಲು, ನಮ್ಮದು 0.9. ಕ್ಯಾಲ್ಕುಲೇಟರ್ ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ. ನೂರು ಸಲ ಈ ಪಂದ್ಯ ನಡೆದರೆ ಸುಮಾರು 59 ಸಲ ಅವರು ಗೆಲ್ಲುತ್ತಾರೆ. 23 ಸಲ ಸಮ. 18 ಸಲ ನಾವು ಗೆಲ್ಲುತ್ತೇವೆ. ಇನ್ನೊಮ್ಮೆ ಓದಿ. ಎರಡು ಪಾಲು ಬಲ ಇದ್ದ ತಂಡ ನೂರರಲ್ಲಿ 41 ಸಲ ಗೆಲ್ಲುವುದೇ ಇಲ್ಲ. ಅದೂ ಅಲ್ಲದೆ ನಮ್ಮದು ಫೈನಲ್. ಸಮವಾದರೆ ಪೆನಾಲ್ಟಿ. ಪೆನಾಲ್ಟಿಯಲ್ಲಿ ಅರ್ಧಕ್ಕರ್ಧ ಎಂದು ಇಟ್ಟುಕೊಂಡರೆ ಕಪ್ ನಮ್ಮೂರಿಗೆ ಬರುವ ಸಾಧ್ಯತೆ ನೂರಕ್ಕೆ 30. ಇಚ್ಚನಿಗೆ ಇದನ್ನು ಹೇಳಿದಾಗ ಅವರು ಚಹಾದ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ಇದೇ ಲೆಕ್ಕವನ್ನು ಕಬಡ್ಡಿಗೆ ಹಾಕಿ ನೋಡಿ. ಅಲ್ಲಿ ಪಾಯಿಂಟು ಜಾಸ್ತಿ. ಒಬ್ಬರ ಸರಾಸರಿ 36, ಇನ್ನೊಬ್ಬರದು 18. ಅದೇ ಎರಡು ಪಾಲು. ಆದರೆ ಇಲ್ಲಿ ದುರ್ಬಲ ತಂಡ ಗೆಲ್ಲುವುದು ನೂರರಲ್ಲಿ ಒಂದು ಸಲವೂ ಇಲ್ಲ. ಒಂದು ಹಿಡಿ ಅಕ್ಕಿಯಲ್ಲಿ ಎರಡು ಕಲ್ಲು ಸಿಕ್ಕರೆ ಮೂಟೆಯೇ ಹಾಳು ಎನಿಸುತ್ತದೆ. ಹತ್ತು ಸೇರು ಆರಿಸಿದರೆ ಅಕ್ಕಿ ಎಂಥದ್ದು ಎಂದು ಗೊತ್ತಾಗುತ್ತದೆ. ಕಬಡ್ಡಿ ಹತ್ತು ಸೇರು ಆರಿಸುತ್ತದೆ. ಫುಟ್ಬಾಲ್ ಒಂದು ಹಿಡಿಯಲ್ಲೇ ತೀರ್ಪು ಕೊಡುತ್ತದೆ. ಈ ಆಟ ನಮ್ಮನ್ನು ಇಷ್ಟು ಹಿಡಿದಿಟ್ಟಿರುವುದೂ ಇದಕ್ಕೇ ಎಂದು ನನ್ನ ನಂಬಿಕೆ.

2022ರ ನವೆಂಬರ್ 22 ನಮ್ಮೂರಿನಲ್ಲಿ ಯಾರಿಗೆ ಮರೆತಿದೆ? ಅರ್ಜೆಂಟೀನಾ ಆಗ ಫಿಫಾ ಪಟ್ಟಿಯಲ್ಲಿ 3ನೇ ಸ್ಥಾನ, ಸೌದಿ ಅರೇಬಿಯಾ 51ನೇ ಸ್ಥಾನ. ಅರ್ಜೆಂಟೀನಾ 36 ಪಂದ್ಯ ಸೋತೇ ಇರಲಿಲ್ಲ. 10ನೇ ನಿಮಿಷಕ್ಕೆ ಮೆಸ್ಸಿಯ ಪೆನಾಲ್ಟಿ ಗೋಲು. ಆಮೇಲೆ ಮೊದಲ ಅರ್ಧದಲ್ಲೇ ಮೂರು ಸಲ ಚೆಂಡು ಬಲೆಯೊಳಗೆ ಹೋಯಿತು, ಮೂರೂ ಆಫ್‌ಸೈಡ್ ಎಂದು ಲೆಕ್ಕಕ್ಕೆ ಬರಲಿಲ್ಲ. ಎರಡನೇ ಅರ್ಧದಲ್ಲಿ ಐದು ನಿಮಿಷದೊಳಗೆ ಸೌದಿಯ ಎರಡು ಗೋಲು. 2-1. ಅರ್ಜೆಂಟೀನಾದ ದೊಡ್ಡ ಫ್ಲೆಕ್ಸ್ ಕಟ್ಟಿದ್ದ ಹುಡುಗರು ಮಾತಾಡದೆ ಮನೆಗೆ ಹೋದರು. ಮರುದಿನ ಸೌದಿಯಲ್ಲಿ ರಜೆ ಸಾರಿದರು. ಅಲ್ಲಿ ದುಡಿಯುವ ನಮ್ಮವರು ಫೋನ್ ಮಾಡಿ ಸಂಭ್ರಮಿಸಿದರು. ಒಂದೇ ಮನೆಯಲ್ಲಿ ಅಳುವೂ ನಗುವೂ. ಆದರೆ ಅದೇ ಅರ್ಜೆಂಟೀನಾ ಡಿಸೆಂಬರ್ 18ಕ್ಕೆ ಕಪ್ ಎತ್ತಿತು. ಮೊದಲ ಪಂದ್ಯ ನೋಡಿ “ಮುಗೀತು ಇವರ ಕತೆ” ಎಂದವರು ಒಂದು ಒಣ ಕಲ್ಲು ನೋಡಿ ಈ ವರ್ಷ ಮಳೆಯೇ ಇಲ್ಲ ಎಂದ ಹಾಗೆ.

ಈ ಸೂತ್ರ ಎಲ್ಲ ಕಡೆ ಸರಿ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮಳೆಹನಿಗೆ ಮನಸ್ಸಿಲ್ಲ, ಆಟಗಾರರಿಗೆ ಇದೆ. 2014ರ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಿಂದ ಸೋತಿತು. 23ನೇ ನಿಮಿಷದಿಂದ 29ನೇ ನಿಮಿಷದೊಳಗೆ ನಾಲ್ಕು ಗೋಲು. ನೇಮಾರ್ ಗಾಯಗೊಂಡಿದ್ದ, ನಾಯಕ ಥಿಯಾಗೋ ಸಿಲ್ವಾ ಆಡುವಂತಿರಲಿಲ್ಲ, ಉಳಿದವರ ಧೈರ್ಯ ಕುಸಿಯಿತು. ಒಂದು ಹನಿ ಇನ್ನೊಂದು ಹನಿಯನ್ನು ಕರೆಯಿತು. ಇನ್ನೊಂದು ಕಡೆ, 0-0 ಮತ್ತು 1-1 ಸೂತ್ರ ಹೇಳುವುದಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತವೆ. ಡಿಕ್ಸನ್ ಮತ್ತು ಕೋಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1997ರಲ್ಲಿ ಅದಕ್ಕೂ ಒಂದು ತಿದ್ದುಪಡಿ ಕೊಟ್ಟರು.

ಶೆಟ್ರ ಮಾತಿಗೆ ಬರೋಣ. ಮೂರು ಸಲ ಸೋತದ್ದರಿಂದ ಸರದಿ ಬರುವುದಿಲ್ಲ. ಮೂರು ಮಳೆಗೆ ಒಣಗಿ ಉಳಿದ ಕಲ್ಲಿನ ಮೇಲೆ ನಾಲ್ಕನೇ ಮಳೆಗೆ ಕನಿಕರ ಹುಟ್ಟುವುದಿಲ್ಲ. ಸೋಲಿನಿಂದ ಹುಡುಗರು ಏನಾದರೂ ಕಲಿತಿದ್ದರೆ ಅದು ಬೇರೆ ಮಾತು.

ನಮ್ಮ ತುಳುನಾಡಿನಲ್ಲಿ ಕೋಳಿಅಂಕಕ್ಕೆ ಕುಕ್ಕುಟ ಪಂಚಾಂಗ ಇದೆ. ಯಾವ ದಿನ ಯಾವ ಬಣ್ಣದ ಹುಂಜಕ್ಕೆ ಗೆಲುವು ಎಂದು ಅದರಲ್ಲಿ ನೋಡುತ್ತಾರೆ. ಗೆದ್ದರೆ ಪಂಚಾಂಗ ಸರಿ. ಸೋತರೆ ಹುಂಜದ ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿದವನ ತಪ್ಪು. ಸೋತ ದಿನಗಳನ್ನು ಯಾರೂ ಬರೆದಿಡುವುದಿಲ್ಲ. ಇದು ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. 2010ರ ವಿಶ್ವಕಪ್‌ನಲ್ಲಿ ಜರ್ಮನಿಯ ಪಾಲ್ ಎಂಬ ಆಕ್ಟೋಪಸ್ ಎಂಟಕ್ಕೆ ಎಂಟು ಸರಿ ಹೇಳಿತು. ಸುಮ್ನೆ ನಾಣ್ಯ ಚಿಮ್ಮಿದರೆ ಎಂಟಕ್ಕೆ ಎಂಟು ಸರಿಯಾಗುವುದು 256ರಲ್ಲಿ ಒಂದು ಸಲ. ದೊಡ್ಡ ಪವಾಡದಂತೆ ಕಾಣುತ್ತದೆ. ಆದರೆ ಎರಡು ವರ್ಷ ಮೊದಲು ಯುರೋ ಕಪ್‌ನಲ್ಲಿ ಅದೇ ಪಾಲ್ ಆರರಲ್ಲಿ ಎರಡು ತಪ್ಪು ಹೇಳಿತ್ತು. ಅದೇ 2010ರಲ್ಲಿ ಸಿಂಗಾಪುರದಲ್ಲಿ ಮಣಿ ಎಂಬ ಶಾಸ್ತ್ರ ಹೇಳುವ ಗಿಳಿಯೂ ಇತ್ತು. ಕ್ವಾರ್ಟರ್ ಫೈನಲ್ ನಾಲ್ಕನ್ನೂ ಸರಿ ಹೇಳಿ ಹೆಸರು ಮಾಡಿತು. ಫೈನಲಿಗೆ ನೆದರ್‌ಲ್ಯಾಂಡ್ಸ್ ಎಂದಿತು. ಗೆದ್ದದ್ದು ಸ್ಪೇನ್. ಊರೂರಿನಲ್ಲಿ ಪ್ರಾಣಿಗಳನ್ನು ಕೇಳಿದರೆ ಎಲ್ಲೋ ಒಂದು ಪೂರ್ತಿ ಸರಿ ಹೇಳಲೇಬೇಕು. ನೂರು ಕಲ್ಲಿನಲ್ಲಿ ನಾಲ್ಕು ಹನಿ ಬಿದ್ದ ಕಲ್ಲು ಅದು. ನಾವು ಅದನ್ನು ಮಾತ್ರ ಎತ್ತಿ ಪೂಜೆ ಮಾಡುತ್ತೇವೆ.

ಹುಡುಗನಿಗೆ ಹೇಳಿದೆ, “ನೀನು ಹೋದ ಪಂದ್ಯ, ಹೋಗದ ಪಂದ್ಯ ಎಲ್ಲ ಬರಿ. ಗೋಲೂ ಬರಿ.” ಮರುದಿನ ಅವನು ನೋಟ್‌ಬುಕ್ ತಂದ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಇತ್ತು. ಈ ಸೀಸನ್‌ನಲ್ಲಿ ಎರಡು ತಂಡಗಳೂ ಆಡಿದ ಹತ್ತು ಹತ್ತು ಪಂದ್ಯ. ಅವರದು 18 ಗೋಲು, ನಮ್ಮದು 9. ಇಚ್ಚನ ಎರಡು ಪಾಲು ಬಂದದ್ದು ಇಲ್ಲಿಂದಲೇ. ಅವನು ಹೋದ ಪಂದ್ಯ ನಾಲ್ಕು. ಅದರಲ್ಲಿ ನಮ್ಮವರು ಎರಡು ಗೆದ್ದಿದ್ದರು. ಅವನು ಅದನ್ನು ಮರೆತೇ ಬಿಟ್ಟಿದ್ದ.

ಆಮೇಲೆ ಅವನು ಕೇಳಿದ ಪ್ರಶ್ನೆ ನನಗೆ ಬಹಳ ಖುಷಿ ಕೊಟ್ಟಿತು. “ಮಾಷ್ಟ್ರೇ, ಒಂದು ಪಂದ್ಯ ಅದೃಷ್ಟ ಆದ್ರೆ, ಹತ್ತು ಪಂದ್ಯದಲ್ಲೂ ಅದೃಷ್ಟ ಇರ್ಬೇಕಲ್ವಾ?”

ಇರಬೇಕು. ಪಾಯ್ಸಾನ್ ಲೆಕ್ಕದಲ್ಲಿ ಏರಿಳಿತ ಸುಮಾರು ವರ್ಗಮೂಲದಷ್ಟು. 18ರ ವರ್ಗಮೂಲ ನಾಲ್ಕು ಚಿಲ್ಲರೆ. 9ರದು ಮೂರು. ಹಾಗಾಗಿ ಅವರ ನಿಜವಾದ ಬಲ 14 ಗೋಲಿನದ್ದೂ ಇರಬಹುದು, 22ರದ್ದೂ ಇರಬಹುದು. ನಮ್ಮದು 6ರಿಂದ 12ರವರೆಗೆ ಎಲ್ಲೂ ಇರಬಹುದು. ಅವನು ಬೆರಳಿನಲ್ಲಿ ಲೆಕ್ಕ ಹಾಕಿದ. “ಅವರದು 14, ನಮ್ಮದು 12 ಇದ್ರೆ ಸರಿಸುಮಾರು ಸಮವೇ.”

“ಹೌದು. 22 ಮತ್ತು 6 ಕೂಡ ಇರಬಹುದು.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಗ್ಯಾಲರಿಯಲ್ಲಿ ಯಾವ ಕಡೆ ಕೂತರೆ ಎರಡೂ ಗೋಲು ಸರಿ ಕಾಣುತ್ತದೆ ಎಂದು ಕೇಳಿದ. ತೋಡಿನ ಬದಿ ಎಂದೆ. ಭಾನುವಾರಕ್ಕೆ ಎರಡು ಟಿಕೆಟ್ ತೆಗೆದಿಟ್ಟಿದ್ದೇನೆ.