ಯಾರ ಪೈಕಿ? ಸ್ಕ್ರೀನಿಂಗ್ ಟೆಸ್ಟ್ ಲೆಕ್ಕಗಳ ಟಿಪ್ಪಣಿ

ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಪ್ರೆಡಿಕ್ಟಿವ್ ವ್ಯಾಲ್ಯೂ. ನರ್ಸಿಂಗ್ ಓದುವವರಿಗೆ ಸ್ಟ್ಯಾಟಿಸ್ಟಿಕ್ಸ್ ಪೇಪರ್‌ನಲ್ಲಿ ಜಾಸ್ತಿ ತಲೆ ತಿನ್ನುವುದು ಈ ಮೂರೇ. ಈಗಷ್ಟೇ ಸರಿಯಾಗಿ ತಲೆಗೆ ಹತ್ತಿದೆ, ಅದಕ್ಕೇ ಬಿಸಿ ಆರುವ ಮುಂಚೆ ಬರೆದಿಡುತ್ತಿದ್ದೇನೆ. ಮೀನ್, ಮೀಡಿಯನ್, ಮೋಡ್ ಎಲ್ಲರಿಗೂ ಬರುತ್ತದೆ, ಅವನ್ನು ಬಿಡುತ್ತೇನೆ.

ಮೊದಲು ಈ ಎರಡು ಪ್ರಶ್ನೆಗಳನ್ನು ನಿಧಾನವಾಗಿ ಓದಿ.

ಕಾಯಿಲೆ ಇರುವವರಿಗೆ ಟೆಸ್ಟ್ ಪಾಸಿಟಿವ್ ಬರುವ ಸಾಧ್ಯತೆ ಎಷ್ಟು?
ಟೆಸ್ಟ್ ಪಾಸಿಟಿವ್ ಬಂದವರಿಗೆ ಕಾಯಿಲೆ ಇರುವ ಸಾಧ್ಯತೆ ಎಷ್ಟು?

ಎರಡೂ ಒಂದೇ ಥರ ಕೇಳಿಸುತ್ತವೆ ಅಲ್ವಾ? ಆದರೆ ಉತ್ತರಗಳು ಎಲ್ಲಿಂದೆಲ್ಲಿಗೋ ಹೋಗುತ್ತವೆ. ಮೊದಲನೆಯದು ಸೆನ್ಸಿಟಿವಿಟಿ, ಎರಡನೆಯದು ಪಾಸಿಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ. ಇವನ್ನು ಬೇರೆ ಮಾಡಲು ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯಾರ ಪೈಕಿ? ಕಾಯಿಲೆ ಇರುವವರ ಪೈಕಿ ಎಂದಾದರೆ ಅವರ ಸಂಖ್ಯೆ ಛೇದಕ್ಕೆ ಬರುತ್ತದೆ. ಪಾಸಿಟಿವ್ ಬಂದವರ ಪೈಕಿ ಎಂದಾದರೆ ಪಾಸಿಟಿವ್ ಬಂದವರೆಲ್ಲ ಛೇದಕ್ಕೆ. ಮೇಲಿನ ಸಂಖ್ಯೆ ಎರಡರಲ್ಲೂ ಅದೇ: ಕಾಯಿಲೆಯೂ ಇದ್ದು ಪಾಸಿಟಿವ್ ಕೂಡ ಬಂದವರು. ಬದಲಾಗುವುದು ಕೆಳಗಿನದು ಮಾತ್ರ.

ಶೇಕಡಾವಾರು ಇಟ್ಟುಕೊಂಡು ಸೂತ್ರಕ್ಕೆ ಹಾಕಲು ಹೋಗಬೇಡಿ. ಸುಮ್ನೆ 1000 ಜನರನ್ನು ತೆಗೆದುಕೊಳ್ಳಿ. ಕಾಯಿಲೆ ಇರುವವರು 2 ಶೇಕಡಾ, ಸೆನ್ಸಿಟಿವಿಟಿ 90 ಶೇಕಡಾ, ಸ್ಪೆಸಿಫಿಸಿಟಿಯೂ 90 ಶೇಕಡಾ ಎಂದು ಪ್ರಶ್ನೆ ಇದೆ ಅನ್ನೋಣ.

1000 ಜನರಲ್ಲಿ ಕಾಯಿಲೆ ಇರುವವರು 20, ಇಲ್ಲದವರು 980. ಆ 20 ಜನರಲ್ಲಿ ಟೆಸ್ಟ್ 18 ಜನರನ್ನು ಹಿಡಿಯುತ್ತದೆ, 2 ಜನ ತಪ್ಪಿಸಿಕೊಳ್ಳುತ್ತಾರೆ. ಇನ್ನು 980 ಜನರ ಕಡೆ ಬನ್ನಿ. ಇಲ್ಲಿ ನಿಲ್ಲಬೇಕು. ಸ್ಪೆಸಿಫಿಸಿಟಿ 90 ಎಂದರೆ ಕಾಯಿಲೆ ಇಲ್ಲದವರ ಪೈಕಿ 90 ಶೇಕಡಾ ಜನರಿಗೆ ಸರಿಯಾಗಿ ನೆಗೆಟಿವ್ ಬರುತ್ತದೆ, ಅಂದರೆ 882. ಉಳಿದ 98 ಜನರಿಗೆ ಕಾಯಿಲೆ ಇಲ್ಲದಿದ್ದರೂ ಪಾಸಿಟಿವ್. ಹತ್ತೇ ಶೇಕಡಾ ತಪ್ಪು, ಆದರೆ ಅದು ದೊಡ್ಡ ಗುಂಪಿನ ಹತ್ತು ಶೇಕಡಾ. ಇಡೀ ಲೆಕ್ಕದ ಗುಟ್ಟು ಇಲ್ಲೇ ಇದೆ.

ಈಗ ಪಾಸಿಟಿವ್ ಬಂದವರು ಒಟ್ಟು 18 + 98 = 116. ಅವರ ಪೈಕಿ ನಿಜವಾಗಿ ಕಾಯಿಲೆ ಇರುವವರು 18. ಅಂದರೆ ಸುಮಾರು 15.5 ಶೇಕಡಾ. ಸೆನ್ಸಿಟಿವಿಟಿ 90 ಇದ್ದ ಟೆಸ್ಟಿನಲ್ಲೇ ಹೀಗೆ! ನೆಗೆಟಿವ್ ಕಡೆ ನೋಡಿದರೆ 884 ಜನರ ಪೈಕಿ 882 ಜನರಿಗೆ ಕಾಯಿಲೆ ಇಲ್ಲ, ಸುಮಾರು 99.8 ಶೇಕಡಾ. ಇದು ನೆಗೆಟಿವ್ ಪ್ರೆಡಿಕ್ಟಿವ್ ವ್ಯಾಲ್ಯೂ. ಈ ಗುಂಪಿನಲ್ಲಿ ಈ ಟೆಸ್ಟಿನ ನೆಗೆಟಿವ್ ಅನ್ನು ನಂಬಬಹುದು, ಪಾಸಿಟಿವ್ ಬಂದರೆ ಇನ್ನೊಂದು ಟೆಸ್ಟ್ ಬೇಕೇ ಬೇಕು.

ಅದೇ ಟೆಸ್ಟನ್ನು 40 ಶೇಕಡಾ ಜನರಿಗೆ ಕಾಯಿಲೆ ಇರುವ ಗುಂಪಿನಲ್ಲಿ ಮಾಡಿ. 400 ಜನರಲ್ಲಿ 360 ಪಾಸಿಟಿವ್, 600 ಜನರಲ್ಲಿ 60 ಸುಳ್ಳು ಪಾಸಿಟಿವ್. 420ರ ಪೈಕಿ 360, ಅಂದರೆ ಸುಮಾರು 86 ಶೇಕಡಾ. ಟೆಸ್ಟ್ ಬದಲಾಗಿಲ್ಲ, ಸೆನ್ಸಿಟಿವಿಟಿ ಬದಲಾಗಿಲ್ಲ. ಬದಲಾಗಿದ್ದು ಜನ. ಪ್ರಿವಲೆನ್ಸ್, ಅಂದರೆ ಗುಂಪಿನಲ್ಲಿ ಕಾಯಿಲೆ ಇರುವವರ ಪ್ರಮಾಣ, ಏರಿದರೆ ಯಾವುದು ಬದಲಾಗುತ್ತದೆ ಎಂದು ಕೇಳಿದರೆ ಪ್ರೆಡಿಕ್ಟಿವ್ ವ್ಯಾಲ್ಯೂಗಳು ಎಂದು ಬರೆಯಿರಿ. ಪಾಸಿಟಿವ್‌ದು ಏರುತ್ತದೆ, ನೆಗೆಟಿವ್‌ದು ಇಳಿಯುತ್ತದೆ.

ನಾಲ್ಕು ಮನೆಯ ಟೇಬಲ್ ಬರೆಯುವವರು ಕಾಯಿಲೆ ಇದೆ, ಇಲ್ಲ ಎಂಬುದನ್ನು ಯಾವಾಗಲೂ ಮೇಲೆ ಬರೆಯಿರಿ, ಟೆಸ್ಟ್ ಫಲಿತಾಂಶವನ್ನು ಎಡಕ್ಕೆ. ಆಗ ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ ಎರಡೂ ಕಂಬಸಾಲಿನಲ್ಲಿ ಸಿಗುತ್ತವೆ, ಪ್ರೆಡಿಕ್ಟಿವ್ ವ್ಯಾಲ್ಯೂಗಳು ಅಡ್ಡಸಾಲಿನಲ್ಲಿ. ಕೆಲವು ಪ್ರಶ್ನೆಗಳಲ್ಲಿ ಟೇಬಲ್ ತಿರುಗಿಸಿ ಕೊಟ್ಟಿರುತ್ತಾರೆ. ಉತ್ತರ ಹುಡುಕುವ ಮುಂಚೆ ನಿಮ್ಮ ರೀತಿಯಲ್ಲಿ ಮತ್ತೆ ಬರೆದುಕೊಳ್ಳಿ.

ಇದು ಬರೀ ಪರೀಕ್ಷೆಗಲ್ಲ. ಸ್ಕ್ರೀನಿಂಗ್‌ನಲ್ಲಿ ಪಾಸಿಟಿವ್ ಬಂದ ರೋಗಿ "ಸಿಸ್ಟರ್, ಹಾಗಾದ್ರೆ ನನಗೆ ಕಾಯಿಲೆ ಇದೆ ಅಂತಾನಾ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸೆನ್ಸಿಟಿವಿಟಿಯಲ್ಲಿ ಇಲ್ಲ. ಈ ವ್ಯತ್ಯಾಸ ಗೊತ್ತಿದ್ದರೆ ಸುಮ್ಮನೆ ಹೆದರಿಸದೆ, ಸುಳ್ಳು ಧೈರ್ಯವನ್ನೂ ಕೊಡದೆ, ಮುಂದಿನ ಟೆಸ್ಟ್ ಯಾಕೆ ಬೇಕು ಎಂದು ಹೇಳಬಹುದು.

ಪಿ-ವ್ಯಾಲ್ಯೂನಲ್ಲೂ ಇದೇ ತಿರುವು ಮುರುವು. ಶೂನ್ಯ ಕಲ್ಪನೆ, ಅಂದರೆ ನಲ್ ಹೈಪಾಥಿಸಿಸ್ (ಗುಂಪುಗಳ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲ ಎಂಬ ಊಹೆ), ನಿಜ ಎಂದುಕೊಂಡರೆ ನಮಗೆ ಸಿಕ್ಕಷ್ಟು ಅಥವಾ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುವ ಸಾಧ್ಯತೆಯೇ ಪಿ-ವ್ಯಾಲ್ಯೂ. 0.03 ಬಂದರೆ ನಲ್ ನಿಜವಾಗಿರುವ ಸಾಧ್ಯತೆ 3 ಶೇಕಡಾ ಎಂದರ್ಥವಲ್ಲ. ಬಹು ಆಯ್ಕೆ ಪ್ರಶ್ನೆಯಲ್ಲಿ ಆ ಸಾಲು ಕಂಡರೆ ಹೊಡೆದುಹಾಕಿ.

ಸ್ಟ್ಯಾಂಡರ್ಡ್ ಡೀವಿಯೇಷನ್, ಸ್ಟ್ಯಾಂಡರ್ಡ್ ಎರರ್ ಬಗ್ಗೆ ಎರಡೇ ಮಾತು. ಡೀವಿಯೇಷನ್ ರೋಗಿಗಳ ನಡುವಿನ ಹರವು, ಎರರ್ ಸರಾಸರಿ ಎಷ್ಟು ಅಲುಗಾಡಬಹುದು ಎಂಬುದು. 36 ಜನರ ಬಿಪಿಯಲ್ಲಿ ಡೀವಿಯೇಷನ್ 12 ಇದ್ದರೆ ಎರರ್ 12 ಭಾಗಿಸು 6, ಅಂದರೆ 2. ಆರು ಬಂದಿದ್ದು 36ರ ವರ್ಗಮೂಲದಿಂದ.

ಡ್ರಿಪ್ ಲೆಕ್ಕದಲ್ಲೂ ಛೇದವನ್ನೇ ಮೊದಲು ನೋಡಿ. ಎಂಎಲ್ ಅನ್ನು ಡ್ರಾಪ್ ಫ್ಯಾಕ್ಟರ್‌ನಿಂದ (ಆ ಸೆಟ್‌ನಲ್ಲಿ ಒಂದು ಎಂಎಲ್‌ಗೆ ಎಷ್ಟು ಹನಿ ಎಂಬುದರಿಂದ) ಗುಣಿಸಿ ನಿಮಿಷಗಳಿಂದ ಭಾಗಿಸಬೇಕು, ಗಂಟೆಗಳಿಂದ ಅಲ್ಲ. 1000 ಎಂಎಲ್, 8 ಗಂಟೆ, ಎಂಎಲ್‌ಗೆ 20 ಹನಿಯ ಸೆಟ್: 20,000 ಭಾಗಿಸು 480, ನಿಮಿಷಕ್ಕೆ ಸುಮಾರು 42 ಹನಿ. 20 ಹನಿಯ ಸೆಟ್‌ಗೆ ನನ್ನ ಇಷ್ಟದ ಅಡ್ಡದಾರಿ ಏನೆಂದರೆ ಗಂಟೆಗೆ ಬರುವ ಎಂಎಲ್ ಅನ್ನು 3ರಿಂದ ಭಾಗಿಸುವುದು. 125 ಭಾಗಿಸು 3, ಅದೇ 42. 60 ಹನಿಯ ಮೈಕ್ರೋ ಸೆಟ್ ಆದರೆ ಭಾಗಿಸುವ ಕೆಲಸವೂ ಇಲ್ಲ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ.